ವಕಾಲತ್ತಿನ ಮೊದಲ ಸಹಿ

ನಮ್ಮ ಆಫೀಸಿನಲ್ಲಿ ಬಡ್ತಿ ಎಂದರೆ ದೊಡ್ಡ ಕುರ್ಚಿಯೂ ಇಲ್ಲ, ಬೇರೆ ಕೋಣೆಯೂ ಇಲ್ಲ. ವಕಾಲತ್ತಿನ ಹಾಳೆಯಲ್ಲಿ ಮೊದಲ ಸಹಿ ಯಾರದು ಎಂಬುದೇ ಬಡ್ತಿ. ಕಕ್ಷಿದಾರರು ಸಹಿ ಮಾಡಿದ ಮೇಲೋ ಹೆಬ್ಬೆಟ್ಟೊತ್ತಿದ ಮೇಲೋ ವಕೀಲರು ಒಬ್ಬರ ಕೆಳಗೊಬ್ಬರು ಸಹಿ ಹಾಕುತ್ತೇವೆ. ಮೇಲಿನ ಸಹಿ ಯಾರದೋ ಫೈಲು ಅವರದು, ಗೆದ್ದರೆ ಹೆಸರು ಅವರದು, ಕೋರ್ಟಿನಲ್ಲಿ ಬೈಸಿಕೊಳ್ಳುವವರೂ ಅವರೇ. ನಾನು ಸೇರಿದಂದಿನಿಂದ ಆ ಜಾಗದಲ್ಲಿ ನಮ್ಮ ಹಿರಿಯ ವಕೀಲರ ಸಹಿ ಇತ್ತು. ಅವರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು. ಎರಡನೆಯದು ನನ್ನದು. ಮೂರನೆಯದು, ನನಗಿಂತ ಮೂರು ವರ್ಷ ತಡವಾಗಿ ಬಂದ ಮೇಡಂ ಅವರದು.

ಸುರಪುರದ ಕೋರ್ಟಿನ ಎದುರಿಗೆ, ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆಫೀಸು. ಊರವರ ಬಾಯಲ್ಲಿ ಅದು ‘ನೀರಿನ ವಕೀಲರ ಆಫೀಸು’. ಕಾಲುವೆ, ತೂಬು, ಕುಡಿಯುವ ನೀರಿನ ಪೈಪು, ಹೊಲದ ನಡುವೆ ನೆಟ್ಟ ಕರೆಂಟಿನ ಕಂಬ, ಕಡೇಚೂರಿನ ಫ್ಯಾಕ್ಟರಿಗಳಿಗೆ ಹೋಗುವ ದೊಡ್ಡ ಲೈನಿನ ಟವರು, ಇಂಥ ತಕರಾರಿದ್ದವರೆಲ್ಲ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಖೂನಿ, ದರೋಡೆಯ ಕೇಸುಗಳನ್ನು ಸಾಹೇಬ್ರು ಹಿಡಿಯುತ್ತಿರಲಿಲ್ಲ. “ನೀರಿನ ಕೇಸು ಸರಿ ಹಿಡದ್ರ ಆ ಕೇಸು ಹುಟ್ಟಾಂಗೇ ಇಲ್ಲ” ಎನ್ನುತ್ತಿದ್ದರು.

ಆ ವರ್ಷ ಸಾಹೇಬರ ಮೊಣಕಾಲು ಕೈಕೊಟ್ಟಿತು. “ಮೆಟ್ಟಲಾ ನನ್ನ ಮ್ಯಾಲ ಕೇಸ್ ಹಾಕ್ಯಾವ” ಎಂದು ನಗುತ್ತಲೇ ಒಂದು ದಿನ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಔಷಧಕ್ಕೆಂದು ಕಲಬುರಗಿಯ ಮಗಳ ಮನೆಗೆ ಹೊರಟಿದ್ದರು.

“ನಾ ಬರೂತನ ಇಬ್ರೂ ಕೂಡಿ ನೋಡ್ಕೊಳ್ರಿ. ಇನ್ನ ಮುಂದ ಆಫೀಸ್ ನೀವೇ ನಡಸಬೇಕು. ಮೊದಲ ಸಹಿ ಯಾರದು ಅನ್ನೂದು ಬಂದ ಮ್ಯಾಲ ಹೇಳ್ತೀನಿ” ಎಂದರು.

ಅದರಲ್ಲಿ ಹೇಳುವುದೇನಿದೆ ಎಂದು ನಾನು ಒಳಗೊಳಗೇ ಅಂದುಕೊಂಡೆ. ನಾನು ಹಳಬ. ಗಂಟಲು ದೊಡ್ಡದು. ಕಾಲುವೆಯ ತುದಿಯ ಊರಿನಲ್ಲಿ, ತಾಯಿಯ ತವರಲ್ಲಿ ಬೆಳೆದವನು. ಮೇಡಂ ಶಹಾಪುರದ ಬೌದ್ಧರ ಮನೆಯವರು, ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಅವರ ಮಾತು ಮೆಲ್ಲಗೆ, ಓದು ಅದಕ್ಕಿಂತ ಮೆಲ್ಲಗೆ. ಅಪ್ಪ ಶಾಲೆಯಲ್ಲಿ ಬಳಸುತ್ತಿದ್ದ ಕಟ್ಟಿಗೆಯ ಸ್ಕೇಲನ್ನು ಸಾಲಿನ ಕೆಳಗಿಟ್ಟು, ಫೈಲಿನ ಕೊನೆಯ ಹಾಳೆಯವರೆಗೂ ಓದುತ್ತಿದ್ದರು. ನಾನು ಕಾಡುತ್ತಿದ್ದೆ: “ಮೇಡಂ, ಫೈಲ್ ಓದಾಕತ್ತೀರೋ, ಅಕ್ಕಿ ಆರಸಾಕತ್ತೀರೋ?”

“ಹರಳು ಸಿಕ್ರ ಹೇಳ್ತೀನಿ ಅಣ್ಣಾ” ಎಂದು ಅವರು ತಲೆ ಎತ್ತದೆ ಅನ್ನುತ್ತಿದ್ದರು.

ಸಾಹೇಬ್ರು ಹೋದ ವಾರದಲ್ಲೇ ನನ್ನ ಸೋದರಮಾವ ಬಂದ. ಅವನ ಊರು ದೇವಾಪುರದ ಆಚೆ, ಒಂದು ವಿತರಣಾ ಕಾಲುವೆಯ ಕಟ್ಟಕಡೆಯಲ್ಲಿದೆ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದು ಬರುವ ಈ ಸಣ್ಣ ಕಾಲುವೆಯ ಎರಡೂ ಬದಿಗೆ ತೂಬುಗಳಿವೆ. ನೀರು ಪಾಳಿಯ ಮೇಲೆ ಬರುತ್ತದೆ, ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಮೇಲ್ಭಾಗದ ಕೆಲವರು ಇಲಾಖೆ ಕೂರಿಸಿದ ಪೈಪು ಒಡೆದು, ದೊಡ್ಡ ಪೈಪು ಹಾಕಿಕೊಂಡು, ಪಾಳಿ ಮುಗಿಯುವವರೆಗೂ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದರು. ತುದಿಗೆ ಬರುವುದು ಒದ್ದೆ ಮಣ್ಣು ಮಾತ್ರ.

“ಅಳಿಯಾ, ವಕೀಲ ಆಗಿ ಏನ್ ಮಾಡಾಕತ್ತಿ? ನಮ್ಮೂರಿಗಿ ಒಂದ್ ಕೊಡ ನೀರ್ ತರಲಿಲ್ಲ ನೀ” ಎಂದ ಮಾವ. ನನ್ನ ಮೈ ಉರಿಯಿತು. ನಾಳೆಯೇ ಬರ್ತೀನಿ ಎಂದೆ.

ಸಾಹೇಬರದು ಒಂದು ಕಟ್ಟಳೆ ಇತ್ತು. ಕಾಲುವೆ ನಡೆಯದೆ ಕಾಲುವೆಯ ದಾವೆ ಬರೆಯಬಾರದು. ಕರಡು ತೆಗೆದುಕೊಂಡು ಹೋದರೆ ಅವರು ಮೊದಲು ನಮ್ಮ ಪಾದ ನೋಡುತ್ತಿದ್ದರು: “ಕಾಲಿಗಿ ಕೆಸರಾಗ್ಯಾದೇನು?” ನಾನು ಕಟ್ಟಳೆ ಮುರಿಯಲಿಲ್ಲ. ಬೂಟು ಕೈಯಲ್ಲಿ ಹಿಡಿದು, ಮಾವನ ಹೊಲದಿಂದ ಹೊರಟು, ದಂಡೆಯ ಮೇಲೆ ಮೇಲಕ್ಕೆ ನಡೆದೆ. ಮಾವ ಕೋಲಿನಿಂದ ತೋರಿಸುತ್ತ ಬಂದ. “ಬಲಗಡಿ ಬಾಜೂ ನೋಡು. ಒಂದ್, ಎರಡ್, ಮೂರ್... ಐದೂ ತೂಬು ಒಡದಾರ.” ನನ್ನ ಬಲಗೈಯ ಕಡೆಗೆ ಐದು ತೂಬು, ಐದಕ್ಕೂ ಒಡೆದ ಸಿಮೆಂಟು, ದಪ್ಪ ಪೈಪು. ಎಲ್ಲ ಬರೆದುಕೊಂಡೆ. ಆಫೀಸಿಗೆ ಬಂದು ಇಲಾಖೆಯ ತೂಬಿನ ಪಟ್ಟಿ ತೆಗೆದು, ಅದೇ ದೂರದಲ್ಲಿರುವ ಬಲಬದಿಯ ಐದು ತೂಬುಗಳ ಸಂಖ್ಯೆ ಹಿಡಿದು, ಪಹಣಿಯಿಂದ ಹೊಲದವರ ಹೆಸರು ತೆಗೆದು ಪ್ರತಿವಾದಿಗಳನ್ನಾಗಿ ಮಾಡಿದೆ.

“ಒಮ್ಮೆ ನಾ ನೋಡ್ಲೇನು ಅಣ್ಣಾ?” ಎಂದರು ಮೇಡಂ.

“ನಮ್ಮ ಮಾವನ ಊರ್ರಿ ಅದು. ನನ್ನ ಕಾಲಾಗ ಇನ್ನೂ ಕೆಸರದ” ಎಂದೆ. ಸಾಹೇಬರು ಊರಲ್ಲಿಲ್ಲದ ಧೈರ್ಯದಲ್ಲಿ ವಕಾಲತ್ತಿನ ಮೊದಲ ಸಹಿಯನ್ನೂ ನಾನೇ ಹಾಕಿದೆ. ಮೇಡಂ ನೋಡಿದರು, ಕೆಳಗೆ ತಮ್ಮ ಸಹಿ ಹಾಕಿದರು.

ಪಾಳಿ ಶುರುವಾಗಿತ್ತು. ಎದುರಿನವರಿಗೆ ನೋಟಿಸು ಮುಟ್ಟಿ ಅವರು ಬರುವಷ್ಟರಲ್ಲಿ ನೀರು ನಿಂತುಹೋಗುತ್ತದೆ ಎಂದು ವಾದಿಸಿದೆ. ಕೋರ್ಟು ಒಪ್ಪಿ ಮಧ್ಯಂತರ ಆದೇಶ ಕೊಟ್ಟಿತು: ಮುಂದಿನ ತಾರೀಖಿನವರೆಗೆ ಆ ಐದು ತೂಬು ಮುಚ್ಚಬೇಕು. ಮರುದಿನವೇ ಕಾಲುವೆಯ ಗೇಟ್‌ಮನ್ ಹೋಗಿ ತಗಡು ಬಡಿದು ಮುಚ್ಚಿದ. ಅದರ ಮರುದಿನ ಮಾವನ ಫೋನು. “ಅಳಿಯಾ, ನೀರು ಬಂತೋ! ಪಾದ ಮುಳಗೂವಷ್ಟು ಬಂತು!” ಅವನ ಹಿಂದೆ ಹೆಂಗಸರು ಕೂಗಾಡುವುದು ಕೇಳಿಸಿತು. ಆಫೀಸಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ. ಬಾರ್ ಅಸೋಸಿಯೇಶನ್ನಿನ ಕಟ್ಟೆಯ ಮೇಲೆ ಕೂತು, ಕಾಲುವೆ ಕೇಸು ಹೇಗೆ ನಡೆಸಬೇಕೆಂದು ಚಿಕ್ಕ ವಕೀಲರಿಗೆ ಪಾಠವನ್ನೂ ಹೇಳಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತ್ತಂತೆ. ನಾನಿನ್ನೂ ಗೋಡೆಯ ಮೇಲಿದ್ದೆ.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೆರಗಿನ ತುದಿಗೆ ಗಂಟು ಹಾಕಿದ ಕಾಗದ.

“ನೀರಿನ ವಕೀಲ್ರು ನೀವೇ ಏನೋ ಯಪ್ಪಾ?”

“ಹೌದು ಆಯಿ, ಕುಂದ್ರು.”

“ನನ್ನ ತೂಬು ಮುಚ್ಚ್ಯಾರ. ಕೋರ್ಟಿನ ಹುಕುಂ ಅಂತಾರ. ಎರಡ್ ಎಕರೆ ಮೆಣಸಿನಗಿಡ ಹೂವಿಗಿ ಬಂದದ. ನೀರ್ ನಿಂತು ಹೂವು ಉದುರಾಕತ್ತದ. ಇಲಾಖಿಯವ್ರು ಕೊಟ್ಟ ಪೈಪು ಇಟ್ಟಲ್ಲೇ ಅದ, ನಾ ಒಂದ್ ಕಲ್ಲು ಸೈತ ಸರಿಸಿಲ್ಲ. ಮೂರು ಕೊಯ್ಲು ಆದ್ರ ವರ್ಷ ದಾಟ್ತದ, ಹೂವೇ ಹೋದ್ರ ಏನ್ ಕೊಯ್ಯಲಿ? ನನ್ನ ಮ್ಯಾಲ ಯಾರ್ ಕೇಸ್ ಹಾಕ್ಯಾರ, ಯಾಕ ಹಾಕ್ಯಾರ, ಓದಿ ಹೇಳು.”

ಗಂಟು ಬಿಚ್ಚಿ ಕೊಟ್ಟಳು. ಮಡಿಕೆ ತೆಗೆಯುವ ಮೊದಲೇ ಗೊತ್ತಾಯಿತು. ನಮ್ಮ ಝೆರಾಕ್ಸಿನ ಮಸಿ ಬಲಗಡೆ ಸದಾ ಸ್ವಲ್ಪ ಹರಡುತ್ತದೆ. ಅದು ನಾನೇ ಬರೆದ ದಾವೆ, ಕೆಳಗೆ ನನ್ನದೇ ಮೊದಲ ಸಹಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಕಾಗದ ಮಡಿಚಿ ಅವಳ ಕೈಗೇ ಕೊಟ್ಟೆ.

“ಸಾಹೇಬ್ರು ಊರಾಗಿಲ್ಲ ಆಯಿ. ನಾಳಿ ಬಾ.”

“ನಾಳಿತನ ಹೂವು ನಿಂದರ್ತದೇನೋ ಯಪ್ಪಾ?”

ಅಷ್ಟರಲ್ಲಿ ಮೇಡಂ ಎದ್ದು ಬಂದರು. ಅಜ್ಜಿಗೆ ತಂಬಿಗೆಯಲ್ಲಿ ನೀರು ಕೊಟ್ಟರು. ಕಾಗದ ತೆಗೆದುಕೊಂಡು ಸ್ಕೇಲು ಇಟ್ಟು ಮೊದಲ ಸಾಲಿನಿಂದ ಓದತೊಡಗಿದರು. ಗೋಡೆಯ ಗಡಿಯಾರವನ್ನು ಎಷ್ಟು ಸಲ ನೋಡಿದೆನೋ ಗೊತ್ತಿಲ್ಲ.

“ಆಯಿ, ನೀರು ಹರಿಯೋ ದಿಕ್ಕಿಗಿ ಮುಖ ಮಾಡಿ ನಿಂತ್ರ ನಿನ್ನ ಹೊಲ ಯಾವ ಕೈಗಿ ಬರ್ತದ?”

“ಬಲಗೈಗಿ, ಯವ್ವಾ.”

“ಪೈಪು ಒಡದವ್ರು?”

“ಎಡಗಡಿ, ನನ್ನ ಹೊಲದ ಎದುರು ಬಾಜೂ. ಐದೂ ಅಲ್ಲೇ ಅವ. ಊರಿಗೆಲ್ಲ ಗೊತ್ತದ.”

ಮೇಡಂ ನನ್ನ ಕಡೆ ತಿರುಗಿದರು. “ಅಣ್ಣಾ, ನೀವು ಎಲ್ಲಿಂದ ನಡದ್ರಿ?”

“ನಮ್ಮೂರಿಂದ... ಮ್ಯಾಲಕ್ಕ” ಎಂದೆ. ಹೇಳುತ್ತಿದ್ದಂತೆಯೇ ಇಲಾಖೆಯ ತೂಬಿನ ಪಟ್ಟಿಗೆ ಕೈ ಹಾಕಿದೆ.

ಕಾಲುವೆಗೆ ಎಡ ಬಲ ಹೇಳುವುದು ನೀರು ಹೋಗುವ ಕಡೆಗೆ ಮುಖ ಮಾಡಿ. ಇಲಾಖೆಯ ಪಟ್ಟಿ, ನಕಾಶೆ ಎಲ್ಲ ಹಾಗೆಯೇ. ಹೊಳೆಗೂ ಅದೇ ಲೆಕ್ಕ, ಎಡದಂಡೆ ಕಾಲುವೆ ಎಂದು ನಮ್ಮ ಜಿಲ್ಲೆಯ ಮಕ್ಕಳೂ ದಿನಾ ಅನ್ನುವುದು ಅದನ್ನೇ. ನಾನು ನೀರು ಬರುವ ಕಡೆಗೆ ಮುಖ ಮಾಡಿ ನಡೆದಿದ್ದೆ. ನನ್ನ ಬಲ ಇಲಾಖೆಯ ಎಡ. ಒಡೆದವರೆಲ್ಲ ಹಾಯಾಗಿ ನೀರು ಎಳೆಯುತ್ತಿದ್ದರು. ಒಂದು ಕಲ್ಲೂ ಸರಿಸದ ಐದು ಮನೆಯವರ ತೂಬಿಗೆ ನಾನು ತಗಡು ಬಡಿಸಿದ್ದೆ. ಕಾಗದಕ್ಕೆ ಮಾವ ಸಹಿ ಹಾಕುವಾಗ ಹೆಸರುಗಳನ್ನು ಓದಿರಲಿಲ್ಲ. ಅಳಿಯ ಬರೆದದ್ದಲ್ಲವೇ.

ಮೇಡಂ ಅಜ್ಜಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. “ಆಯಿ, ಈ ಕಾಗದ ಬರದವ್ರು ನಾವೇ. ತಪ್ಪು ನಮ್ಮದೇ. ನಿನ್ನ ಎದುರು ಪಾರ್ಟಿ ನಾವೇ ಆಗೀವಿ, ಹಂಗಾಗಿ ನಿನ್ನ ಕೇಸು ನಾವು ಹಿಡಿಯಾಕ ಬರಾಂಗಿಲ್ಲ. ಕೆಳಗ ಬ್ಯಾರೆ ವಕೀಲ್ರು ಅದಾರ, ಅವರಿಗಿ ತೋರಸು. ನಾಳಿ ಕೋರ್ಟಿಗಿ ಮಾತ್ರ ತಪ್ಪದ ಬಾ.”

ಅಜ್ಜಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮತ್ತೆ ಸೆರಗಿಗೆ ಗಂಟು ಹಾಕಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ನಾನು ಬಾಗಿಲು ಹಾಕಿಕೊಂಡು ಮೇಡಂ ಮೇಲೆ ಹರಿಹಾಯ್ದೆ. ಒಪ್ಪಿಕೊಳ್ಳುವ ಅವಸರವೇನಿತ್ತು? ಮುಂದಿನ ತಾರೀಖಿಗೆ ಎರಡು ವಾರವಿದೆ, ಅಷ್ಟರಲ್ಲಿ ಪಾಳಿಯೇ ಮುಗಿಯುತ್ತದೆ. ಆಗ ಸದ್ದಿಲ್ಲದೆ ತಿದ್ದುಪಡಿ ಅರ್ಜಿ ಹಾಕಿ, ಟೈಪಿಸ್ಟಿನ ತಪ್ಪು ಎಂದರಾಯಿತು. ಕೋರ್ಟಿನಲ್ಲಿ ಎಲ್ಲ ತಪ್ಪೂ ಟೈಪಿಸ್ಟಿನವೇ, ಜಡ್ಜ್ ಸಾಹೇಬರಿಗೂ ಅದು ಗೊತ್ತು.

ಮೇಡಂ ಕೂಗಲಿಲ್ಲ. “ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕೀವಿ ಅಣ್ಣಾ. ಬರಿ ಮಾಯೂತನ ಸುಮ್ಮ ಕುಂದ್ರೂಣೇನು?”

ಸಾಹೇಬರಿಗೆ ಫೋನು ಹಚ್ಚಿದೆ. ಪೂರಾ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: “ವಕಾಲತ್ತಿನ್ಯಾಗ ಮೊದಲ ಸಹಿ ಯಾರದು?”

“ನಂದೇ ರೀ.”

“ಮತ್ತ ನಂಗ್ಯಾಕ ಕೇಳ್ತಿ?” ಫೋನು ಇಟ್ಟರು.

ಇಷ್ಟು ವರ್ಷ ಆಸೆಪಟ್ಟ ಸಹಿ ಆ ಹೊತ್ತಿಗೆ ಕೊರಳಿಗೆ ಕಟ್ಟಿದ ಗುಂಡಾಯಿತು. ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ತಿಳಿದದ್ದು ಮೇಡಂಗೆ. ಆದೇಶ ಕಕ್ಷಿದಾರರದು, ಅವರನ್ನು ಕೇಳದೆ ನಾವು ಬಿಟ್ಟುಕೊಡುವಂತಿಲ್ಲ, ಆದ್ದರಿಂದ ಈಗಲೇ ಊರಿಗೆ ಹೋಗಬೇಕು ಎಂದರು. ಆಫೀಸಿನ ಸ್ಕೂಟರಿನ ಕೀಲಿ ತೆಗೆದುಕೊಂಡರು. ಅವರೇ ಓಡಿಸಿದರು, ನಾನು ಹಿಂದೆ ಫೈಲು ಹಿಡಿದು ಕೂತೆ.

ಊರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮಾವ ಮೊಣಕಾಲುದ್ದ ಧೋತರ ಕಟ್ಟಿ, ಸಲಿಕೆ ಹಿಡಿದು ಹೊಲದಲ್ಲಿ ನೀರು ತಿರುವುತ್ತಿದ್ದ. ಸಾಲುಸಾಲಿನಲ್ಲಿ ನೀರು ಹೊಳೆಯುತ್ತಿತ್ತು. ಮಾವನ ಜೊತೆಗೆ ದಾವೆ ಹಾಕಿದ್ದ ಊರಿನ ಉಳಿದವರೂ ದಂಡೆಗೆ ಬಂದರು. ನನ್ನನ್ನು ಕಂಡು ಮಾವನ ಮುಖ ಅರಳಿತು. ಮಾತಾಡಿದ್ದು ಮೇಡಂ. ಕಾಲುವೆಯ ದಂಡೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಮುಖ ಮಾಡಿಸಿ, ತಪ್ಪು ಎಲ್ಲಿ ಆಯಿತೆಂದು ತೋರಿಸಿದರು.

ಮಾವ ಸಲಿಕೆ ನೆಲಕ್ಕೂರಿದ. “ತಪ್ಪಾದ್ರೂ ನೀರು ಬಂದದಲ್ರಿ ಮೇಡಂ. ನೀರಿಗೇನ್ರಿ ಎಡಾ ಬಲಾ? ಯಾವ ತೂಬು ಮುಚ್ಚಿದ್ರೂ ಉಳಿದದ್ದು ಇಲ್ಲಿಗೇ ಬರ್ತದ.” ಆಮೇಲೆ ನನ್ನ ಕಡೆ ತಿರುಗಿ ಹಲ್ಲು ಕಚ್ಚಿದ. “ಉಣ್ಣೂ ತಾಟಿಗಿ ಕೈ ಹಾಕಾಕ ಬಂದೀಯೇನೋ ಅಳಿಯಾ?”

“ಮ್ಯಾಲಿನವ್ರು ನಮ್ಮ ಪಾಲಿನ ನೀರು ತಿಂತಾರ ಅಂತ ನೀವು ಕೋರ್ಟಿಗಿ ಹೋದ್ರಿ” ಎಂದರು ಮೇಡಂ. “ಈ ನೀರೂ ಯಾರದೋ ಪಾಲಿಂದು. ನೀವು ಹೂಂ ಅಂದ್ರ ನಾಳೆ ಆದೇಶ ಬಿಡಸ್ತೀವಿ, ಖರೇ ಒಡದವರ ಮ್ಯಾಲ ಹೊಸದಾಗಿ ಹಾಕ್ತೀವಿ. ಅದಕ್ಕ ದಿನಾ ಹಿಡೀತಾವ. ಈ ಪಾಳಿಗಿ ನಿಮಗ ನೀರ್ ಸಿಗ್ತದ ಅಂತ ನಾ ಭಾಷಾ ಕೊಡಾಂಗಿಲ್ಲ. ನೀವು ಬ್ಯಾಡ ಅಂದ್ರ ನಾ ಕೇಸಿನಿಂದ ಹಿಂದ ಸರೀತೀನಿ. ಗೊತ್ತಿದ್ದೂ ಸುಳ್ಳು ಹಿಡ್ಕೊಂಡು ನಿಂದರಾಂಗಿಲ್ಲ.”

ಹೀಗೆ ಕಕ್ಷಿದಾರರ ಎದುರು ಮಾತಾಡಿದ ವಕೀಲರನ್ನು ನಾನು ನೋಡಿರಲಿಲ್ಲ. ಸಮಾಧಾನ ಮಾಡಲಿಲ್ಲ, ಆಸೆ ತೋರಿಸಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಆದರೂ ಆ ಹೊತ್ತಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾವ ನೀರಿಗಿಳಿದು ಸುಮ್ಮನೆ ಒಂದು ಸಾಲಿನ ಮಣ್ಣು ಸರಿಮಾಡಿದ. ಆಮೇಲೆ ತಲೆ ಎತ್ತದೆ ಕೇಳಿದ, “ಆ ಐದು ಮನಿ ಯಾರದ್ರಿ?”

ಮೇಡಂ ಹೆಸರು ಓದಿದರು. ಕೊನೆಗೆ ಅಜ್ಜಿಯ ಹೆಸರು ಬಂತು. ಹೆಗಲ ಮೇಲೆ ಕಂಬಳಿ, ಎರಡು ಎಕರೆ ಮೆಣಸಿನಗಿಡ ಎಂದೂ ಹೇಳಿದರು.

“ಕುರಿಯವ್ರ ಆಯಿನಾ?” ಮಾವ ಸೊಂಟ ನೆಟ್ಟಗೆ ಮಾಡಿದ. “ಬ್ಯಾಸಗ್ಯಾಗ ನಮ್ಮ ಹೊಲದಾಗ ಕುರಿ ತರಬ್ತಾರಲ್ಲ, ಅವರ ಆಯಿ?”

ನಮ್ಮ ಕಡೆ ಬೇಸಿಗೆಯಲ್ಲಿ ಕುರಿಯವರು ಖಾಲಿ ಹೊಲದಲ್ಲಿ ಮಂದೆಯನ್ನು ರಾತ್ರಿ ನಿಲ್ಲಿಸುತ್ತಾರೆ. ಅದಕ್ಕೆ ಕುರಿ ತರುಬುವುದು ಎನ್ನುತ್ತೇವೆ. ಹಿಕ್ಕೆ, ಗಂಜಳ ಬಿದ್ದು ಹೊಲ ಮೂರು ವರ್ಷ ಕಸುವು ಹಿಡಿಯುತ್ತದೆ. ನೀರೇ ಬಾರದ ಮಾವನ ಊರಿಗೆ ಬೆಳೆ ಎಂದು ಏನಾದರೂ ಬಂದಿದ್ದರೆ ಅದು ಆ ಅಜ್ಜಿಯ ಮನೆಯ ಕುರಿಗಳಿಂದ. ಇದು ಮೇಡಂಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಮಾವ ಎರಡು ಸಲಿಕೆ ಮಣ್ಣು ತೆಗೆದು ತನ್ನ ಹೊಲದ ಕಾಲುವೆಯ ಬಾಯಿಗೆ ಹಾಕಿದ. ನೀರು ಅಲ್ಲೇ ನಿಂತಿತು. “ಹೋಗಿ ಬಿಡಸ್ರಿ” ಎಂದ. ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟು ಒಪ್ಪಿಗೆ ಬರೆದೆ, ಒಬ್ಬೊಬ್ಬರೇ ಸಹಿ ಹಾಕಿದರು. ಮಾವ ಈ ಸಲ ಪೂರಾ ಓದಿಸಿಕೊಂಡು ಹಾಕಿದ.

ವಾಪಸು ಬರುವಾಗ ದಾರಿಯಲ್ಲಿ ಮೇಡಂ ತಾವಾಗಿಯೇ ಹೇಳಿದರು. “ನಮ್ಮ ಶಹಾಪುರದ ಗುಡ್ಡ ಈ ಕಡಿಂದ ನೋಡಿದ್ರ ಮಲಗಿದ ಬುದ್ಧ. ಹಿಂದಿನ ಬಾಜೂ ಹೋಗಿ ನಿಂತ್ರ ಬರೇ ಕಲ್ಲು. ನೀವು ಕಂಡದ್ದು ಸುಳ್ಳಲ್ಲ ಅಣ್ಣಾ. ನಿಂತ ಜಾಗ ಬರೀಬೇಕಿತ್ತು.” ಅಷ್ಟೇ. ಆ ದಿನ ಅದಕ್ಕಿಂತ ದೊಡ್ಡ ಸಮಾಧಾನ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಬೆಳಗ್ಗೆ ಮೂರು ಕಾಗದ ತಯಾರಾದವು. ಪ್ರಕರಣವನ್ನು ಇವತ್ತೇ ತೆಗೆದುಕೊಳ್ಳಬೇಕೆಂದು ಒಂದು ಅರ್ಜಿ, ನಮ್ಮದೇ ಆದೇಶ ರದ್ದು ಮಾಡಬೇಕೆಂದು ಒಂದು ಮೆಮೊ, ಕೋರ್ಟ್ ಕಮಿಷನರ್ ನೇಮಿಸಿ ಕಾಲುವೆಯನ್ನು ಮೇಲಿನಿಂದ ಕೆಳಗಿನವರೆಗೆ ಪರಿಶೀಲಿಸಬೇಕೆಂದು ಮತ್ತೊಂದು ಅರ್ಜಿ. ಜೊತೆಗೆ ಅಫಿಡವಿಟ್. ಅದಕ್ಕೆ ನನ್ನ ಪ್ರಮಾಣ ಇರಲಿ ಎಂದು ನಾನೇ ಹೇಳಿದೆ. ಟೈಪಿಸ್ಟಿನ ಹೆಸರು ಎತ್ತಲಿಲ್ಲ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಅಜ್ಜಿ ಕಂಬಳಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಕರೆದಾಗ ನಾನು ನಿಂತೆ. ಮೇಡಂ ಪಕ್ಕದಲ್ಲೇ ನಿಂತರು. ಅದು ಅವರು ನಿಲ್ಲಬೇಕಾದ ಜಾಗವಾಗಿರಲಿಲ್ಲ. “ತಪ್ಪು ನಮ್ಮ ಆಫೀಸಿನದು ಸ್ವಾಮಿ, ಇಬ್ಬರ ಸಹಿಯೂ ಇದೆ” ಎಂದರು. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಅಫಿಡವಿಟ್ಟನ್ನು ಎರಡು ಸಲ ಓದಿದರು.

“ವಕೀಲರೇ, ಇಲಾಖೆಯ ನಕ್ಷೆ ನಿಮ್ಮ ಕೈಯಲ್ಲಿತ್ತು. ಅಂದ ಮೇಲೆ ಯಾವ ಕಡೆ ಮುಖ ಮಾಡಿ ನಿಂತಿದ್ರಿ?”

“ನೀರು ಬರೂ ಕಡೀಗಿ, ಸ್ವಾಮಿ. ನಮ್ಮೂರಾಗ ಎಲ್ಲಾರೂ ಆ ಕಡೀಗೇ ಮುಖ ಮಾಡಿ ನಿಂದರ್ತಾರ.”

ಕೋರ್ಟಿನ ಭಾಷೆ ಮರೆತು ಮನೆಯ ಮಾತು ಬಂದುಬಿಟ್ಟಿತ್ತು. ನಗುವ ವಕೀಲರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಪೆನ್ನು ಎತ್ತಿಕೊಂಡು, “ಟೈಪಿಸ್ಟಿನ ಮೇಲೆ ಹಾಕದ ತಪ್ಪನ್ನು ಈ ಕೋರ್ಟಿನಲ್ಲಿ ಇದೇ ಮೊದಲು ನೋಡ್ತಿದ್ದೀನಿ” ಎಂದರು. ಆದೇಶ ರದ್ದಾಯಿತು. ತಗಡು ಆ ಮಧ್ಯಾಹ್ನವೇ ತೆಗೆಯಬೇಕೆಂದು ಬರೆಸಿದರು. ಇನ್ನು ಮುಂದೆ ಹೀಗೆ ಬರೆದರೆ ಸುಮ್ಮನಿರುವುದಿಲ್ಲ ಎಂದು ನನಗೆ ಬೈದರು. ತಲೆ ತಗ್ಗಿಸಿ ಕೇಳಿದೆ, ನ್ಯಾಯವಾಗಿಯೇ ಬೈದರು.

ಆಮೇಲಿನದು ನಿಧಾನದ ಕೆಲಸ. ಕಮಿಷನರ್ ನೇಮಕವಾದರು, ಕಾಲುವೆ ಕವಲೊಡೆಯುವ ಜಾಗದಿಂದ ಟೇಪು ಹಿಡಿದು ಕೆಳಗೆ ನಡೆದರು, ಎಡಬದಿಯಲ್ಲಿ ಒಡೆದ ಐದು ತೂಬಿನ ಫೋಟೊ ತೆಗೆದರು. ಅಜ್ಜಿ ಮತ್ತು ಉಳಿದ ನಾಲ್ವರ ಹೆಸರು ತೆಗೆದು ಹಾಕಿದೆವು, ಖರೇ ಪ್ರತಿವಾದಿಗಳಿಗೆ ನೋಟಿಸು ಹೋಯಿತು, ಅವರೂ ವಕೀಲರನ್ನಿಟ್ಟು ಜಗಳಾಡಿದರು. ಇಷ್ಟರಲ್ಲಿ ಆ ಪಾಳಿ ಮುಗಿದುಹೋಯಿತು. ಮಾವನ ಊರಿಗೆ ನೀರು ಬರಲಿಲ್ಲ, ಅವನು ನನ್ನ ಫೋನು ಎತ್ತಲಿಲ್ಲ. ಕಕ್ಷಿದಾರರೊಬ್ಬರು ಬಂದು ತಮ್ಮ ಫೈಲು ವಾಪಸು ಒಯ್ದರು. ಬಾರಿನ ಕಟ್ಟೆಯ ಮೇಲೆ ನನಗೆ ‘ಎಡಬಲ ವಕೀಲ’ ಎಂದು ಹೆಸರು ಬಿತ್ತು. ಈಗಲೂ ಅದೇ ಹೆಸರಿದೆ. ಕೊನೆಗೆ ಕಮಿಷನರ್ ವರದಿ ನೋಡಿ ಕೋರ್ಟು ಆ ಐದು ತೂಬಿಗೆ ಮೊದಲಿನ ಅಳತೆಯ ಪೈಪೇ ಕೂರಿಸಬೇಕೆಂದು ಆದೇಶ ಮಾಡಿತು, ಇಲಾಖೆಯವರು ಹೊಸವನ್ನು ಕೂರಿಸಿದರು.

ಅದೇ ವಾರ ಸಾಹೇಬ್ರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಫೈಲು ತರಿಸಿಕೊಂಡು ನನ್ನ ಅಫಿಡವಿಟ್ ಓದಿದರು. “ಕಾಲಿಗಿ ಕೆಸರಾಗಿತ್ತೇನು?”

“ಆಗಿತ್ರಿ.”

“ಕೆಸರು ನೋಡ್ತಿದ್ದೆ ನಾ. ಯಾವ ಕಡಿಂದ ನಡದಿ ಅಂತ ಒಮ್ಮೆರೇ ಕೇಳ್ಲಿಲ್ಲ ನೋಡು. ನಂದೂ ತಪ್ಪದ” ಎಂದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅವರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ. ಕಂಬಳಿಯ ಗಂಟಿನಲ್ಲಿ ಒಂದು ಸೇರು ಹಸಿಮೆಣಸಿನಕಾಯಿ. ಎರಡನೆಯ ಕೊಯ್ಲಂತೆ. ಗಂಟನ್ನು ಮೇಡಂ ಮೇಜಿನ ಮೇಲಿಟ್ಟಳು.

“ನನ್ನ ಹೊಲದ ನಟ್ಟನಡುವ ಕರೆಂಟಿನ ಕಂಬಕ್ಕ ತೆಗ್ಗು ತೋಡ್ಯಾರ. ಬದುವಿನ್ಯಾಗ ಹಾಕ್ರಿ ಅಂದ್ರ ಕೇಳವಲ್ರು. ಕೇಸು ನೀವೇ ಹಿಡೀಬೇಕು.”

ಮೇಡಂ ಮೊದಲು ಹಳೆಯ ಫೈಲು ತೆಗೆದು, ಅಜ್ಜಿಯ ಹೆಸರು ಅದರಿಂದ ಹೋಗಿದೆ ಎಂದು ಸ್ಕೇಲಿಟ್ಟು ನೋಡಿಕೊಂಡರು. ಆಮೇಲೆ ಕೇಳಿದರು, “ಬ್ಯಾರೆ ವಕೀಲ್ರು ಇದ್ರಲ್ಲ ಆಯಿ?”

“ಅದಾರ. ಎಲ್ಲಾರೂ ಶಾಣ್ಯಾರೇ. ನನ್ನ ಮುಂದ ಕುಂತು ತಪ್ಪು ನಂದು ಅಂದವ್ರು ಯಾರೂ ಸಿಗಲಿಲ್ಲ.”

ವಕಾಲತ್ತಿನ ಹಾಳೆ ಬಂತು. ಅಜ್ಜಿ ಹೆಬ್ಬೆಟ್ಟೊತ್ತಿದಳು. ಅಭ್ಯಾಸದಂತೆ ಹಾಳೆಯನ್ನು ಸಾಹೇಬರ ಮುಂದಿಟ್ಟೆ. ಅವರು ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ಮೇಡಂ ಕಡೆ ಸರಿಸಿ, “ಮೊದಲಿಂದು ನಿಂದು, ತಂಗಿ” ಎಂದರು. ನನ್ನ ಕಡೆ ನೋಡಿ, “ಎರಡನೇದು ನಿಂದು. ಇಬ್ರೂ ಕೂಡಿ ನಡಸ್ರಿ. ನನ್ನ ಸಹಿ ಇನ್ನ ಸಾಕು” ಎಂದರು.

ಮೇಡಂ ಸಹಿ ಹಾಕಿದರು. ಅದರ ಕೆಳಗೆ ನಾನು ಹಾಕಿದೆ. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದರೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಾಳೆಯಲ್ಲಿ ನನ್ನ ಹೆಸರು ಅವರ ಹೆಸರಿನ ಕೆಳಗಿದೆ ಎಂಬ ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು, ಇವತ್ತಿಗೂ ಇದೆ.

“ಹೊಲಾ ನೋಡಾಕ ಯಾರ್ ಬರ್ತೀರಿ?” ಎಂದಳು ಅಜ್ಜಿ.

“ಅಣ್ಣಾರು ಬರ್ತಾರ” ಎಂದರು ಮೇಡಂ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಬಾ ಯಪ್ಪಾ. ಈ ಸಲ ಮ್ಯಾಲಿಂದ ನಡ್ಕೋತ ಬಾ.”

ಎರಡು ದಿನ ಬಿಟ್ಟು ಹೋದೆ. ಹೊಸ ಪಾಳಿಯ ಮೊದಲ ದಿನ ಅದು. ಕಾಲುವೆ ಕವಲೊಡೆಯುವಲ್ಲಿ ಬೂಟು ಬಿಚ್ಚಿ, ಬಿಟ್ಟ ನೀರಿನ ಜೊತೆಗೇ ನಡೆದೆ. ಅಜ್ಜಿಯ ಹೊಲದಲ್ಲಿ ಕಂಬದ ತೆಗ್ಗು ಅಳೆದು ಬರೆದುಕೊಂಡೆ, ನಿಂತ ಜಾಗವನ್ನೂ ಬರೆದುಕೊಂಡೆ. ಅಲ್ಲಿಂದ ವಾಪಸಾಗಬಹುದಿತ್ತು. ಆಗಲಿಲ್ಲ, ಎಡಬದಿಯ ಐದು ಹೊಸ ಪೈಪುಗಳನ್ನು ದಾಟಿ ಕೆಳಗೆ ನಡೆದೇ ನಡೆದೆ. ಮಾವನ ಊರಿನ ತಿರುವಿಗೆ ಬಂದಾಗ ದಂಡೆಯ ಮೇಲೆ ಊರಿಗೆ ಊರೇ ನೀರು ಬರುವ ಕಡೆಗೆ ಮುಖ ಮಾಡಿ ನಿಂತಿತ್ತು. ನಾನೂ ಚಿಕ್ಕಂದಿನಿಂದ ಅವರ ನಡುವೆ ಹಾಗೆಯೇ ನಿಂತವನು, ಆದ್ದರಿಂದ ಆ ಮುಖಗಳನ್ನು ಎದುರಿನಿಂದ ನೋಡಿರಲೇ ಇಲ್ಲ. ಮುಂದೆ ಸಲಿಕೆ ಹಿಡಿದು ಮಾವ ನಿಂತಿದ್ದ. ನಾನು ಕೈ ಎತ್ತಿದೆ. ಅವನಿಗೆ ಕಾಣಲಿಲ್ಲ, ಅವನು ನನ್ನ ಪಕ್ಕದಲ್ಲಿ ಬರುತ್ತಿದ್ದ ನೀರನ್ನು ನೋಡುತ್ತಿದ್ದ.